ಮೈಯೊಳಗಿನ ‘ಶೀ’ ಇಳಿಸುವ ಚೀನೀ ಕಷಾಯಗಳು: ಆರಿಸುವುದು, ಕೊಳ್ಳುವುದು, ಕುದಿಸುವುದು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದ ನಮ್ಮ ಬಾಡಿಗೆ ಮನೆಯ ಗೋಡೆ ಬೆವರುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಟೈಲ್ಸ್ ಮೇಲೆ ಹನಿಗಳು ಸಾಲಾಗಿ ಇಳಿಯುತ್ತಿದ್ದವು. ಕನ್ನಡಿಯಲ್ಲಿ ಮುಖ ಕಾಣುತ್ತಿರಲಿಲ್ಲ. ಮೂರು ದಿನದ ಹಿಂದೆ ಒಗೆದ ಅಂಗಿ ಇನ್ನೂ ಹಸಿ. ಚಳಿಗಾಲದಲ್ಲಿ ತಣ್ಣಗಾಗಿದ್ದ ಗೋಡೆಗೆ ದಕ್ಷಿಣದ ಸಮುದ್ರದಿಂದ ಬಿಸಿ ತೇವದ ಗಾಳಿ ಬಂದು ತಾಗುವ ಈ ಕಾಲಕ್ಕೆ ಅಲ್ಲಿಯವರು ‘ಹ್ವೇ ನಾನ್ ಟಿಯೆನ್’ ಅನ್ನುತ್ತಾರೆ.

ನಾನು ಸಾಗರದ ಕಡೆಯವನು. ಮಳೆ, ಬೂಷ್ಟು, ಒಣಗದ ಬಟ್ಟೆ ಯಾವುದೂ ಹೊಸದಲ್ಲ. ಹೊಸದಾಗಿದ್ದು ಬೇರೆ. ಗೋಡೆಯ ತೇವಕ್ಕೂ ಮೈಯೊಳಗಿನ ತೇವಕ್ಕೂ ಅಲ್ಲಿ ಒಂದೇ ಪದ: ‘ಶೀ’. ಕೆಳಗಿನ ಅಂಗಡಿಯ ಹೆಂಗಸು ನನ್ನ ಊದಿದ ಕಣ್ಣು ನೋಡಿ, ‘ನಿನಗೆ ಶೀ ಜಾಸ್ತಿ ಆಗಿದೆ’ ಎಂದು ನಮ್ಮಲ್ಲಿ ‘ಉಷ್ಣ ಆಗಿದೆ’ ಅನ್ನುವಷ್ಟೇ ಸಲೀಸಾಗಿ ಹೇಳಿಬಿಟ್ಟಳು. ಆಮೇಲೆ ಅಲ್ಲಿ ಕಳೆದ ಮೂರು ವರ್ಷದಲ್ಲಿ ಈ ಮಾತು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಅಂಗಡಿಯವಳು, ಆಫೀಸಿನ ಗೆಳೆಯರು, ಕೊನೆಗೆ ನಾನೇ ಹುಡುಕಿಕೊಂಡು ಹೋದ ವೈದ್ಯರು, ಎಲ್ಲರೂ ಒಂದೊಂದು ಹೇಳಿಕೊಟ್ಟರು. ಅದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಸಿಂಗಪುರ, ಹಾಂಗ್‌ಕಾಂಗ್, ಚೀನಾದಲ್ಲಿರುವ ಕನ್ನಡಿಗರಿಗೆ ಜಾಸ್ತಿ ಉಪಯೋಗ ಆಗಬಹುದು. ಊರಲ್ಲಿರುವವರಿಗೂ ಅಡುಗೆಮನೆಯ ಭಾಗ ಉಪಯೋಗಕ್ಕೆ ಬರುತ್ತದೆ.

ಮೊದಲು ಆ ಪದ

‘ಶೀ’ ಎಂದರೆ ತೇವ. ಮೈಗೆ ಹೊರಗಿನಿಂದ ಹತ್ತುವುದು ಒಂದು: ಮಳೆಯಲ್ಲಿ ನೆನೆಯುವುದು, ಒದ್ದೆ ನೆಲ, ತೇವದ ಹವೆ. ಒಳಗೇ ಹುಟ್ಟುವುದು ಇನ್ನೊಂದು. ಚೀನೀ ವೈದ್ಯರ ಲೆಕ್ಕದಲ್ಲಿ ತಿಂದದ್ದನ್ನು, ಕುಡಿದದ್ದನ್ನು ಅರಗಿಸಿ ಮೈಗೆಲ್ಲ ಹಂಚುವ ಕೆಲಸ ‘ಪೀ’ ಎಂಬ ಅಂಗದ್ದು. ಆ ಪದವನ್ನು ಗುಲ್ಮ ಎಂದು ಅನುವಾದಿಸುತ್ತಾರೆ. ಆದರೆ ಅವರು ಹೇಳುವುದು ಎಡಪಕ್ಕೆಯಲ್ಲಿರುವ ಆ ಒಂದು ಅಂಗವನ್ನಲ್ಲ, ಒಟ್ಟು ಜೀರ್ಣಶಕ್ತಿಯನ್ನು. ಪೀ ಸೋತರೆ ನೀರು ನಿಂತಲ್ಲೇ ನಿಲ್ಲುತ್ತದೆ, ಗದ್ದೆಯ ಬಸಿಗಾಲುವೆ ಕಟ್ಟಿಕೊಂಡ ಹಾಗೆ. ನಿಂತ ನೀರು ಭಾರ, ಅಂಟು, ಮತ್ತು ಬೇಗ ಹೋಗುವುದಿಲ್ಲ. ಶೀಯ ಲಕ್ಷಣಗಳೆಲ್ಲ ಈ ಮೂರು ಗುಣದಿಂದಲೇ ಬಂದವು.

ಇದನ್ನು ಆಯುರ್ವೇದದ ಕಫ ಅಂದುಕೊಂಡು ಹೊರಡಬೇಡಿ. ಕೆಲವು ಲಕ್ಷಣ ಹೋಲುತ್ತವೆ ನಿಜ, ಆದರೆ ಮದ್ದಿನ ಲೆಕ್ಕಾಚಾರ ಬೇರೆ. ಆಧುನಿಕ ವೈದ್ಯದಲ್ಲಂತೂ ಶೀ ಎಂಬ ಕಾಯಿಲೆಯೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ಹಾಗಾಗಿ ಒಂದು ಮಾತು ಮೊದಲೇ ಹೇಳುತ್ತೇನೆ. ತಿಂಗಳುಗಟ್ಟಲೆ ಸುಸ್ತು, ಮೈಭಾರ, ಮುಖ ಊದುವುದು ಇದ್ದರೆ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಕಾಲು ಊದಿ ಒತ್ತಿದರೆ ಗುಳಿ ಬೀಳುವುದು, ಉಬ್ಬಸ, ಮೂತ್ರ ಕಡಿಮೆಯಾಗುವುದು, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಷಾಯದ ಯೋಚನೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಹೆಜ್ಜೆ 1: ನಾಲಿಗೆ ನೋಡಿಕೊಳ್ಳಿ

ಚೀನೀ ವೈದ್ಯರು ನಾಡಿಯ ಜೊತೆಗೆ ನಾಲಿಗೆಯನ್ನೂ ನೋಡುತ್ತಾರೆ. ಶೀ ವಿಷಯದಲ್ಲಿ ನಾಲಿಗೆಯೇ ಮುಖ್ಯ ಸಾಕ್ಷಿ. ಇಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತೇವೆ. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ನಾಲಿಗೆ ಹೆರೆದು, ಕಾಫಿ ಕುಡಿದು ವೈದ್ಯರ ಮುಂದೆ ಕೂರುತ್ತೇವೆ. ನಾನೂ ಹಾಗೇ ಹೋಗಿದ್ದೆ. ಅವರು ಎರಡು ಸಲ ಬಗ್ಗಿ ನೋಡಿ, ‘ಹೆರೆದಿದ್ದೀಯಾ?’ ಎಂದು ಕೇಳಿ ಮರುದಿನ ಬಾ ಎಂದು ಕಳಿಸಿದರು. ಅವರು ಓದಬೇಕಿದ್ದ ಪುಟವನ್ನೇ ನಾನು ಸ್ಟೀಲ್ ಪಟ್ಟಿಯಿಂದ ಒರೆಸಿಕೊಂಡು ಹೋಗಿದ್ದೆ.

ಹಾಗಾಗಿ ಎದ್ದ ಕೂಡಲೇ, ಬಾಯಿ ತೊಳೆಯುವ ಮೊದಲು, ಕಿಟಕಿಯ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಬಣ್ಣ ಕೆಡಿಸುತ್ತದೆ. ಎಲೆ ಅಡಿಕೆ ಹಾಕುವವರಾದರೆ ಎರಡು ದಿನ ಬಿಟ್ಟು ನೋಡಿ. ನಾಲಿಗೆ ದಪ್ಪಗೆ ಉಬ್ಬಿ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ್ದರೆ ಪೀ ಸೋತಿದೆ ಅನ್ನುತ್ತಾರೆ. ಮೇಲೆ ಗಂಜಿ ಕೆನೆಯಂಥ ಜಿಡ್ಡು ಪದರ ಇದ್ದರೆ ಶೀ ಕೂತಿದೆ ಅಂತ. ಪದರ ಬಿಳಿಯಾಗಿದ್ದರೆ ತಂಪಿನ ಶೀ, ಹಳದಿಯಾಗಿದ್ದರೆ ಬಿಸಿಯ ಶೀ. ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ, ಆಮೇಲೆ ಹೋಲಿಸಲು ಬೇಕು.

ಇದರ ಜೊತೆ ಅವರು ಕೇಳುವ ಪ್ರಶ್ನೆಗಳು: ತಲೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಅನಿಸುತ್ತದಾ? ಊಟವಾದ ಮೇಲೆ ಹೊಟ್ಟೆ ಉಬ್ಬರವಾ? ಎಂಟು ಗಂಟೆ ಮಲಗಿದರೂ ಏಳಲು ಆಗುವುದಿಲ್ಲವಾ? ಮತ್ತೆ, ಮುಜುಗರ ಇಲ್ಲದೆ ಕೇಳುವ ಪ್ರಶ್ನೆ, ಮಲ ಕಮೋಡ್‌ಗೆ ಅಂಟಿಕೊಳ್ಳುತ್ತದಾ?

ಹೆಜ್ಜೆ 2: ಯಾವ ಶೀ ಅಂತ ಗುರುತಿಸಿ

ಬಹಳ ಜನ ಎಡವುವುದು ಇಲ್ಲೇ. ‘ಶೀ ಇಳಿಸುವ ಚಹಾ’ ಎಂದು ಬರೆದ ಪೊಟ್ಟಣ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತಂದು ಕುಡಿಯುತ್ತಾರೆ. ಆದರೆ ತಂಪಿನ ಶೀ ಇರುವವರಿಗೆ ಬಿಸಿಯ ಶೀಯ ಮದ್ದು ಕೊಟ್ಟರೆ ಹೊಟ್ಟೆ ಇನ್ನೂ ಕೆಡುತ್ತದೆ.

ತಂಪಿನ ಶೀಯಲ್ಲಿ ಬಿಳಿ ಪದರ, ಹಸಿವು ಇಲ್ಲ, ಬಾಯಿ ಸಪ್ಪೆ, ಹೊಟ್ಟೆಗೆ ಬೆಚ್ಚಗಿನದು ಹಿತ, ಮಲ ತೆಳು. ಬಿಸಿಯ ಶೀಯಲ್ಲಿ ಹಳದಿ ಪದರ, ಬಾಯಿ ಕಹಿ, ಮೈಯಲ್ಲಿ ಮೊಡವೆ ಅಥವಾ ತುರಿಕೆಯ ಗುಳ್ಳೆ, ಮೂತ್ರ ಹಳದಿ ಮತ್ತು ಉರಿ. ಮೂರನೆಯದು ಸುಸ್ತಿನ ಶೀ. ಇದರಲ್ಲಿ ಪದರ ತೆಳ್ಳಗಿದ್ದರೂ ಹಲ್ಲಿನ ಗುರುತು ಎದ್ದು ಕಾಣುತ್ತದೆ, ಸ್ವಲ್ಪ ಜಾಸ್ತಿ ತಿಂದರೂ ಭೇದಿ, ಮುಖ ಬಿಳಿಚು. ನಾಲ್ಕನೆಯದು ಹೊರಗಿನಿಂದ ಬಂದದ್ದು: ಬೇಸಿಗೆಯಲ್ಲಿ ಎಸಿ ಕೆಳಗೆ ಕೂತು ಐಸ್ ಹಾಕಿದ್ದು ಕುಡಿದು, ರಾತ್ರಿ ಚಳಿ ಜ್ವರ, ವಾಂತಿ, ಭೇದಿ ಒಟ್ಟಿಗೇ ಬರುವುದು.

ಎರಡು ಬಗೆ ಬೆರೆತಿರುವುದೂ ಉಂಟು. ಬೆರೆತಿದ್ದರೆ ನೀವೇ ತೀರ್ಮಾನ ಮಾಡಬೇಡಿ.

ಹೆಜ್ಜೆ 3: ಅಡುಗೆಮನೆಯಿಂದ ಶುರು ಮಾಡಿ

ಗ್ವಾಂಗ್‌ಝೌ ಕಡೆಯ ಕ್ಯಾಂಟನೀಸ್ ಮಾತಾಡುವವರ ಮನೆಗಳಲ್ಲಿ ಶೀ ಇಳಿಸುವುದು ಮದ್ದಿನ ಅಂಗಡಿಯಲ್ಲಿ ಶುರುವಾಗುವುದಿಲ್ಲ, ಸೂಪಿನ ಪಾತ್ರೆಯಲ್ಲಿ ಶುರುವಾಗುತ್ತದೆ. ಅಲ್ಲಿಯ ಅಜ್ಜಿಯರು ಹವೆ ನೋಡಿ ಸೂಪ್ ಬದಲಿಸುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಬುದ್ಧಿವಂತಿಕೆಯ ಭಾಗ ಅನಿಸಿದ್ದು.

ಕೆಂಪು ಕಾಳು ಮತ್ತು ಯೀ ಮಿ ನೀರು. ಇದು ಎಲ್ಲರಿಗೂ ಗೊತ್ತಿರುವ ಮನೆಮದ್ದು. ಯೀ ಮಿ ಒಂದು ಹುಲ್ಲಿನ ಜಾತಿಯ ಧಾನ್ಯ. ನಮ್ಮ ಈಶಾನ್ಯ ರಾಜ್ಯಗಳಲ್ಲೂ ಬೆಳೆಯುತ್ತಾರೆ, ಅದರ ಗಟ್ಟಿ ಬೀಜವನ್ನು ಮಣಿಸರಕ್ಕೆ ಪೋಣಿಸುತ್ತಾರೆ. ಇದನ್ನು ‘ಚೀನೀ ಬಾರ್ಲಿ’ ಎಂಬ ಹೆಸರಿನಲ್ಲೂ ಮಾರುತ್ತಾರೆ. ಅದರಿಂದಲೇ ಗೊಂದಲ. ಬಾರ್ಲಿ ಅಂದರೆ ಜವೆಗೋಧಿ, ಬೇರೆಯೇ ಧಾನ್ಯ. ಅಂಗೈಯಲ್ಲಿ ಇಟ್ಟು ನೋಡಿ: ಯೀ ಮಿ ದಪ್ಪ, ದುಂಡಗೆ, ಬೆನ್ನಿನಲ್ಲಿ ಅಗಲವಾದ ಕಂದು ಗೀರು. ಬಾರ್ಲಿ ಸಣ್ಣದು, ಗೀರು ಕೂದಲೆಳೆಯಷ್ಟು.

ಕೆಂಪು ಕಾಳಿನಲ್ಲೂ ಎಚ್ಚರ ಬೇಕು. ಬೇಕಾದದ್ದು ‘ಛಿ ಶಿಯಾವ್ ದೌ’, ಅಲಸಂದೆ ಮತ್ತು ಹೆಸರಿನ ಕುಲದ್ದು. ಉದ್ದಕ್ಕೆ ತೆಳ್ಳಗಿರುತ್ತದೆ, ಮಸುಕು ಕೆಂಪು. ಸಿಹಿ ತಿಂಡಿಗೆ ಹಾಕುವ ದುಂಡು ಕೆಂಪು ಕಾಳಾದರೂ ತೊಂದರೆ ಇಲ್ಲ. ಆದರೆ ಅರ್ಧ ಕೆಂಪು ಅರ್ಧ ಕಪ್ಪು ಕಾಳು ಒಂದೇ ಒಂದು ಕಂಡರೂ ಇಡೀ ಪೊಟ್ಟಣ ಎಸೆಯಿರಿ. ಅದು ಗುಲಗಂಜಿ. ವಿಷ ಅಂತ ನಮ್ಮ ಊರಿನ ಮಕ್ಕಳಿಗೂ ಗೊತ್ತು.

ಮಾಡುವ ಬಗೆ ಹೀಗೆ. ಯೀ ಮಿ 30 ಗ್ರಾಂ ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಹೊಂಬಣ್ಣ ಬಂದು ಪಾಪ್‌ಕಾರ್ನ್‌ನಂಥ ಪರಿಮಳ ಬಿಡಬೇಕು. ಹಸಿ ಯೀ ಮಿ ತಂಪು, ಹುರಿದರೆ ಆ ತಂಪು ಕಡಿಮೆಯಾಗಿ ಹೊಟ್ಟೆಗೆ ಒಗ್ಗುತ್ತದೆ ಅನ್ನುತ್ತಾರೆ. ಕೆಂಪು ಕಾಳು 30 ಗ್ರಾಂ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಎರಡನ್ನೂ ಒಂದೂವರೆ ಲೀಟರ್ ನೀರಿಗೆ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಬಿಡಿ. ಹೊಟ್ಟೆ ತಂಪಿನವರು ಎರಡು ಬಿಲ್ಲೆ ಶುಂಠಿ ಹಾಕಿ. ಸಕ್ಕರೆ ಬೇಡ, ಸಿಹಿಯೇ ಶೀ ಹುಟ್ಟಿಸುತ್ತದೆ ಎಂಬುದು ಅವರ ಲೆಕ್ಕ. ನೀರನ್ನು ಬೆಚ್ಚಗೆ ದಿನವಿಡೀ ಕುಡಿಯಿರಿ, ಕಾಳನ್ನು ತಿಂದರೂ ಸರಿ, ಬಿಟ್ಟರೂ ಸರಿ. ಮೂರು ನಾಲ್ಕು ದಿನ ಕುಡಿದು ಬಿಡುವು ಕೊಡಿ. ಗರ್ಭಿಣಿಯರು ಯೀ ಮಿ ಮುಟ್ಟಬಾರದು ಎಂಬುದು ಚೀನೀಯರ ಹಳೆಯ ಕಟ್ಟುಪಾಡು, ಅದನ್ನು ಪಾಲಿಸುವುದೇ ಕ್ಷೇಮ.

ಬೂದುಗುಂಬಳದ ಸೂಪ್. ಬೇಸಿಗೆಯಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮನೆಮನೆಯಲ್ಲೂ ಇದು ಕುದಿಯುತ್ತಿರುತ್ತದೆ. ಅರ್ಧ ಕಿಲೊ ಬೂದುಗುಂಬಳವನ್ನು ಸಿಪ್ಪೆ, ತಿರುಳು, ಬೀಜದ ಸಮೇತ ದೊಡ್ಡ ಹೋಳು ಮಾಡುತ್ತಾರೆ. ಮಜ್ಜಿಗೆ ಹುಳಿಗೆ ನಾವು ಕೆತ್ತಿ ಬಿಸಾಡುವ ಆ ಹಸಿರು ಸಿಪ್ಪೆಗೇ ಅವರ ಮದ್ದಿನ ಪಟ್ಟಿಯಲ್ಲಿ ಬೇರೆ ಹೆಸರು, ಬೇರೆ ಬೆಲೆ ಇದೆ, ನೀರು ಇಳಿಸಲು. ಮೇಲಿನ ಬೂದಿಯನ್ನು ಮಾತ್ರ ಚೆನ್ನಾಗಿ ಉಜ್ಜಿ ತೊಳೆಯಿರಿ. ಯೀ ಮಿ ಒಂದು ಹಿಡಿ, ಕೆಂಪು ಕಾಳು ಒಂದು ಹಿಡಿ, ಒಂದು ತುಂಡು ‘ಛೆನ್ ಪಿ’ ಹಾಕಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸುವಾಗ ಉಪ್ಪು. ಅವರು ಹಂದಿ ಎಲುಬು ಹಾಕುತ್ತಾರೆ. ನಾನು ಒಣ ಅಣಬೆ ಹಾಕುತ್ತಿದ್ದೆ, ಏನೂ ಕೊರತೆ ಅನಿಸಲಿಲ್ಲ.

ಛೆನ್ ಪಿ ಅಂದರೆ ಹಳೆಯದು ಮಾಡಿದ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ. ಗ್ವಾಂಗ್‌ಡಾಂಗ್‌ನ ಶಿನ್‌ಹ್ವೇ ಎಂಬಲ್ಲಿಯದು ಹೆಸರುವಾಸಿ. ಅಲ್ಲಿ ಮೂರು ವರ್ಷವಾದರೂ ಆಗದಿದ್ದರೆ ಅದಕ್ಕೆ ಛೆನ್ ಪಿ ಎಂಬ ಹೆಸರೇ ಕೊಡುವುದಿಲ್ಲ. ನಮ್ಮ ಹಳೆ ಹುಣಸೆಹಣ್ಣಿನ ಲೆಕ್ಕದ ಹಾಗೆ, ಹಳೆಯದಾದಷ್ಟೂ ಬೆಲೆ. ಹದಿನೈದು ನಿಮಿಷ ನೆನೆಸಿ, ಒಳಗಿನ ಬಿಳಿ ಭಾಗವನ್ನು ಚಮಚದಿಂದ ಕೆರೆದು ಹಾಕಿ, ಇಲ್ಲವಾದರೆ ಕಹಿ.

ಹೆಜ್ಜೆ 4: ದೊಡ್ಡ ಮಿಶ್ರಣಗಳ ಪರಿಚಯ ಮಾಡಿಕೊಳ್ಳಿ

ಸೂಪಿಗೆ ಬಗ್ಗದಿದ್ದರೆ ವೈದ್ಯರು ಮಿಶ್ರಣ ಬರೆಯುತ್ತಾರೆ. ಇವುಗಳನ್ನು ನೀವೇ ಜೋಡಿಸಿಕೊಳ್ಳಿ ಅಂತ ಹೇಳುತ್ತಿಲ್ಲ. ಆದರೆ ಚೀಟಿಯಲ್ಲಿ ಏನಿದೆ ಅಂತ ಓದಿಕೊಳ್ಳಲು ಬರಬೇಕು. ಹೆಸರಿನ ಬಾಲ ನೋಡಿ: ‘ಟಾಂಗ್’ ಅಂದರೆ ಕಷಾಯ, ‘ಸಾನ್’ ಅಂದರೆ ಪುಡಿ, ‘ವಾನ್’ ಅಂದರೆ ಗುಳಿಗೆ.

ಪಿಂಗ್ ವೇ ಸಾನ್ ತಂಪಿನ ಶೀಗೆ ಮೊದಲ ಹೆಸರು. ನಾಲ್ಕೇ ಸಾಮಾನು: ತ್ಸಾಂಗ್ ಝೂ ಬೇರು, ಹೋ ಪೋ ತೊಗಟೆ, ಛೆನ್ ಪಿ, ಮತ್ತು ಹುರಿದ ಜ್ಯೇಷ್ಠಮಧು. ಇವು 4, 3, 2, 1ರ ಪ್ರಮಾಣದಲ್ಲಿ. ಪುಡಿಯನ್ನು ಎರಡು ಬಿಲ್ಲೆ ಶುಂಠಿ, ಎರಡು ಚೀನೀ ಖರ್ಜೂರದ ಜೊತೆ ಕುದಿಸಿ ಊಟಕ್ಕೆ ಮೊದಲು ಬಿಸಿಯಾಗಿ ಕುಡಿಯುವುದು. ತ್ಸಾಂಗ್ ಝೂ ಘಾಟು ಜೋರು. ಡ್ರ್ಯಾಗನ್ ದೋಣಿ ಹಬ್ಬದ ಹೊತ್ತಿಗೆ ಇದರ ಹೊಗೆ ಹಾಕಿ ಮನೆಯ ತೇವ ಓಡಿಸುವ ರೂಢಿಯೂ ಇದೆ, ನಾವು ಸಾಂಬ್ರಾಣಿ ಹಾಕುವ ಹಾಗೆ. ಇದು ಒಣಗಿಸುವ ಮದ್ದು. ಬಾಯಿ ಒಣಗುವವರಿಗೆ, ನಾಲಿಗೆ ಕೆಂಪಗಿದ್ದು ಪದರವೇ ಇಲ್ಲದವರಿಗೆ ಕೊಡುವುದಿಲ್ಲ.

ಹ್ವೊ ಶಿಯಾಂಗ್ ಝೆಂಗ್ ಚಿ ಸಾನ್ ನಾಲ್ಕನೆಯ ಬಗೆಗೆ, ಅಂದರೆ ಬೇಸಿಗೆಯ ಚಳಿ, ವಾಂತಿ, ಭೇದಿಗೆ. ಹೆಸರಿನಲ್ಲಿರುವ ಹ್ವೊ ಶಿಯಾಂಗ್ ಅಂದರೆ ಪಚೌಲಿ, ನಮ್ಮ ಹೂವಿನ ಮಾರುಕಟ್ಟೆಯ ಪಚ್ಚೆತೆನೆಯ ಬಳಗದ್ದು. ಈ ಎರಡೂ ಮಿಶ್ರಣ ಹೆಸರಾದದ್ದು ಸುಂಗ್ ರಾಜವಂಶದ ಸರ್ಕಾರಿ ಔಷಧ ಅಂಗಡಿಗಳ ಕೈಪಿಡಿಯಿಂದ. 1076ರಲ್ಲಿ ರಾಜಧಾನಿ ಕೈಫೆಂಗ್‌ನಲ್ಲಿ ಸರ್ಕಾರವೇ ಮದ್ದಿನ ಅಂಗಡಿ ತೆರೆದಿತ್ತು, ಸಾವಿರ ವರ್ಷದ ಹಿಂದಿನ ಜನೌಷಧಿ ಕೇಂದ್ರ ಅನ್ನಿ. ಒಂದು ತಪ್ಪು ತಿಳಿವಳಿಕೆ ಅಲ್ಲಿಯವರಲ್ಲೂ ಇದೆ. ಬಿಸಿಲಿಗೆ ತಲೆ ಸುತ್ತಿ ಬಿದ್ದವರಿಗೂ ಇದನ್ನೇ ಕುಡಿಸುತ್ತಾರೆ. ಇದು ಬೆಚ್ಚಗಿನ ಮದ್ದು. ಬಿಸಿಲು ಬಡಿದವರಿಗೆ ನೆರಳು, ನೀರು, ಆಸ್ಪತ್ರೆ ಬೇಕು, ಇದಲ್ಲ.

ಶೆನ್ ಲಿಂಗ್ ಬಾಯ್ ಝೂ ಸಾನ್ ಕೂಡ ಅದೇ ಕೈಪಿಡಿಯದು, ಸುಸ್ತಿನ ಶೀಗೆ. ಜಿನ್ಸೆಂಗ್, ಫೂ ಲಿಂಗ್ ಎಂಬ ಶಿಲೀಂಧ್ರ, ಬಾಯ್ ಝೂ ಬೇರು, ಚೀನೀ ಗೆಣಸು, ತಾವರೆ ಬೀಜ, ಯೀ ಮಿ, ಏಲಕ್ಕಿಯ ನೆಂಟ ಶಾ ರೆನ್, ಜ್ಯೇಷ್ಠಮಧು, ಜಿಯೆ ಗೆಂಗ್ ಬೇರು, ಜೊತೆಗೆ ಬಿಳಿ ಅವರೆಕಾಳು. ಹೌದು, ನಮ್ಮ ಅವರೆಯೇ. ಅರ್ಧದಷ್ಟು ಸಾಮಾನು ಊಟಕ್ಕೂ ಬಳಸುವಂಥವು. ಅದಕ್ಕೇ ಇದು ಮೆತ್ತಗಿನ, ನಿಧಾನದ ಮದ್ದು.

ಬಿಸಿಯ ಶೀಗೆ ಅರ್ ಮಿಯಾವ್ ಸಾನ್: ತ್ಸಾಂಗ್ ಝೂ ಮತ್ತು ಹ್ವಾಂಗ್ ಬಾಯ್ ಎಂಬ ಹಳದಿ ಕಹಿ ತೊಗಟೆ, ಎರಡೇ. ಸೊಂಟದಿಂದ ಕೆಳಗಿನ ಉರಿ, ಊತ, ತುರಿಕೆಗೆ ಬರೆಯುತ್ತಾರೆ. ಮೂರನೆಯ ಸಾಮಾನು ಸೇರಿದರೆ ಸಾನ್ ಮಿಯಾವ್ (ಇಲ್ಲಿ ‘ಸಾನ್’ ಅಂದರೆ ಪುಡಿಯಲ್ಲ, ಮೂರು), ಯೀ ಮಿಯೂ ಸೇರಿ ನಾಲ್ಕಾದರೆ ಸಿ ಮಿಯಾವ್. ಮೂತ್ರ ಸರಿಯಾಗಿ ಆಗದೆ ನೀರು ನಿಂತು ಬಾಯಾರಿಕೆ ಇದ್ದರೆ ವೂ ಲಿಂಗ್ ಸಾನ್. ಇದು ಸುಮಾರು 1,800 ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್‌ನದು, ಜಪಾನಿನಲ್ಲಿ ಗೊರೇಸಾನ್ ಎಂಬ ಹೆಸರಿನಲ್ಲಿ ಇವತ್ತಿಗೂ ಮಾರಾಟವಾಗುತ್ತದೆ.

ಹೆಜ್ಜೆ 5: ಪೊಟ್ಟಣ ಬಿಚ್ಚಿ ನೋಡಿ

ವೈದ್ಯರ ಚೀಟಿ ಹಿಡಿದು ಗ್ರಂಥಿಗೆ ಅಂಗಡಿಗೆ ಹೋದರೆ, ಗೋಡೆ ತುಂಬ ನೂರಾರು ಸಣ್ಣ ಡ್ರಾಯರ್. ಕೈತಕ್ಕಡಿಯಲ್ಲಿ ತೂಗಿ ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ ಕಟ್ಟುತ್ತಾರೆ. ಚೀನಾದಲ್ಲಿ ತೂಕ ಗ್ರಾಂನಲ್ಲಿ. ಹಾಂಗ್‌ಕಾಂಗ್‌ನಲ್ಲಿ ಇನ್ನೂ ಹಳೆಯ ‘ಚಿಯೆನ್’ ಲೆಕ್ಕ ನಡೆಯುತ್ತದೆ, ಒಂದು ಚಿಯೆನ್ ಸುಮಾರು 3.78 ಗ್ರಾಂ. ಚೀನಾದಲ್ಲಿ ಹಳೆಯ ಚೀಟಿ ಓದುವಾಗ ಅದನ್ನೇ 3 ಗ್ರಾಂ ಅಂತ ಹಿಡಿಯುತ್ತಾರೆ. ಒಂದು ಊರಿನ ಚೀಟಿಯನ್ನು ಇನ್ನೊಂದು ಊರಲ್ಲಿ ಕೊಟ್ಟರೆ ಇದನ್ನು ಕೇಳಿಕೊಳ್ಳಿ. ಚೀನಾದ ಔಷಧ ಸಂಹಿತೆ ಹೇಳುವ ದಿನದ ಪ್ರಮಾಣ ತ್ಸಾಂಗ್ ಝೂಗೆ 3ರಿಂದ 9 ಗ್ರಾಂ, ಛೆನ್ ಪಿ ಮತ್ತು ಹೋ ಪೋಗೆ 3ರಿಂದ 10, ಫೂ ಲಿಂಗ್‌ಗೆ 10ರಿಂದ 15. ಇದಕ್ಕಿಂತ ತೀರಾ ಜಾಸ್ತಿ ಬರೆದಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ನನಗೆ ಮೊದಲು ಬರೆದದ್ದು ಹ್ವೊ ಶಿಯಾಂಗ್ ಝೆಂಗ್ ಚಿ. ಮನೆಗೆ ತಂದು ಪೇಪರ್ ಹಾಸಿ ಹರಡಿದೆ. ಬಿಳಿ ಸೀಮೆಸುಣ್ಣದ ತುಂಡಿನಂಥದ್ದು ಫೂ ಲಿಂಗ್, ಪೈನ್ ಮರದ ಬೇರಿನಲ್ಲಿ ಬೆಳೆಯುವ ಶಿಲೀಂಧ್ರ. ಸುರುಳಿ ಸುತ್ತಿದ್ದು ಹೋ ಪೋ. ಮೂಲೆಯಲ್ಲಿ ಕಂದು ನಾರಿನ ಉಂಡೆ. ಎತ್ತಿ ಮೂಗಿಗೆ ಹಿಡಿದೆ. ಎಲ್ಲೋ ಗೊತ್ತಿರುವ ವಾಸನೆ. ಮನೆ ಹಿಂದಿನ ಸುಲಿಯುವ ಚಪ್ಪರ ಕಣ್ಣ ಮುಂದೆ ಬಂತು. ಅಡಿಕೆ ಸಿಪ್ಪೆ! ಚೀಟಿಯಲ್ಲಿ ‘ದಾ ಫೂ ಪಿ’ ಎಂದಿತ್ತು, ಅಂದರೆ ‘ದೊಡ್ಡ ಹೊಟ್ಟೆಯ ಸಿಪ್ಪೆ’. ಹೊಟ್ಟೆಯುಬ್ಬರ ಮತ್ತು ನೀರು ಇಳಿಸಲು ಹಾಕುತ್ತಾರೆ. ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ‘ಸಿಪ್ಪೆಗೆ ದುಡ್ಡು ಕೊಟ್ಯನಾ ಅಪೀ?’ ಎಂದು ನಕ್ಕಿದ್ದೇ ನಕ್ಕಿದ್ದು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ರಸ್ತೆ ಪಕ್ಕ ರಾಶಿ ಹಾಕಿ ಸುಡುತ್ತೇವಲ್ಲ, ಅದೇ ಸಿಪ್ಪೆ ಅಲ್ಲಿ ಗ್ರಾಂ ಲೆಕ್ಕ. ಹಾಗಂತ ಅಂಗಳದ ಸಿಪ್ಪೆ ತಂದು ಕುದಿಸಬೇಡಿ. ನಮ್ಮ ತೋಟಕ್ಕೆ ಏನೇನು ಹೊಡೆದಿರುತ್ತೇವೆ ಅಂತ ನಮಗೇ ಗೊತ್ತು.

ಪೊಟ್ಟಣ ಬಿಚ್ಚಿ ನೋಡಿ ಅಂತ ನಾನು ಒತ್ತಿ ಹೇಳುವುದಕ್ಕೆ ತಮಾಷೆಯಲ್ಲದ ಕಾರಣವೂ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದರಲ್ಲಿ ಚೀನೀ ಗಿಡಮೂಲಿಕೆ ಸೇರಿಸಿದ ಗುಳಿಗೆ ಕೊಟ್ಟರು. ಅದರಲ್ಲಿ ಇರಬೇಕಾಗಿದ್ದದ್ದು ಶೀ ಇಳಿಸುವ ‘ಫಾಂಗ್ ಜಿ’ ಬೇರು. ಬಂದದ್ದು ‘ಗ್ವಾಂಗ್ ಫಾಂಗ್ ಜಿ’. ಹೆಸರು ಅಣ್ಣತಮ್ಮಂದಿರ ಹಾಗೆ, ಗಿಡ ಮಾತ್ರ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇತ್ತು. ಸುಮಾರು 100 ಹೆಂಗಸರ ಮೂತ್ರಪಿಂಡ ಹಾಳಾಯಿತು. ಕೆಲವರಿಗೆ ಆಮೇಲೆ ಮೂತ್ರನಾಳದಲ್ಲಿ ಕ್ಯಾನ್ಸರ್ ಕಾಣಿಸಿತು. ಇದೇ ವಿಷವಿದ್ದ ‘ಗ್ವಾನ್ ಮು ಟೋಂಗ್’ ಬಳ್ಳಿ ಕೂಡ ಬಿಸಿಯ ಶೀಗೆ ಬಳಕೆಯಲ್ಲಿತ್ತು. ಚೀನಾ ಅದನ್ನು 2003ರಲ್ಲಿ, ಗ್ವಾಂಗ್ ಫಾಂಗ್ ಜಿಯನ್ನು 2004ರಲ್ಲಿ ಬಳಸಬಹುದಾದ ಮದ್ದುಗಳ ಪಟ್ಟಿಯಿಂದ ತೆಗೆಯಿತು. ನಮ್ಮ ಈಶ್ವರಿ ಬಳ್ಳಿಯೂ ಇದೇ ಕುಲದ್ದು, ‘ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ’ ಅನ್ನುವವರಿಗೆ ಇದನ್ನು ಹೇಳಿ.

ಹಾಗಾಗಿ ಚೀಟಿಯಲ್ಲಿ ಫಾಂಗ್ ಜಿ ಅಥವಾ ಮು ಟೋಂಗ್ ಎಂಬ ಹೆಸರು ಕಂಡರೆ ಯಾವ ಗಿಡ ಎಂದು ಕೇಳಿ, ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ತರಬೇಡಿ. ಸರ್ಕಾರದಲ್ಲಿ ನೋಂದಣಿಯಾದ ವೈದ್ಯರ ಹತ್ತಿರವೇ ಹೋಗಿ, ಹಾಂಗ್‌ಕಾಂಗ್ ಮತ್ತು ಸಿಂಗಪುರದಲ್ಲಿ ಇದಕ್ಕೆ ಕಾನೂನೇ ಇದೆ. ಸಾಮಾನಿನ ಪಟ್ಟಿ ಇಲ್ಲದ ಗುಳಿಗೆ ಡಬ್ಬಿಯನ್ನು ಆನ್‌ಲೈನಿನಲ್ಲಿ ಬೆಂಗಳೂರಿಗೆ ತರಿಸುವ ಸಾಹಸ ಬೇಡ.

ಹೆಜ್ಜೆ 6: ಕುದಿಸುವುದು

ಪಾತ್ರೆ ಮಣ್ಣಿನದು ಅಥವಾ ಪಿಂಗಾಣಿಯದು ಇರಲಿ. ಸಿಗದಿದ್ದರೆ ಸ್ಟೀಲ್ ಅಥವಾ ಗಾಜು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಬೇಡ. ನಾನು ಮೊದಲ ದಿನ ದೋಸೆ ಕಾವಲಿಯ ಜೊತೆ ಒಯ್ದಿದ್ದ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಅರ್ಧ ಗಂಟೆಗೆ ಬರೆಯುವ ಶಾಯಿ ತಯಾರು. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ ಅಂತ ಗೊತ್ತಿದ್ದೂ ಹೊಳೆಯಲಿಲ್ಲ ನೋಡಿ. ಆ ದಿನದ ಪೊಟ್ಟಣ ಸಿಂಕಿಗೆ ಹೋಯಿತು.

ಸಾಮಾನನ್ನು ಒಂದು ಸಲ ಬೇಗ ತೊಳೆದು ಧೂಳು ತೆಗೆಯಿರಿ. ತಿಕ್ಕಬೇಡಿ. ತಣ್ಣೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ, ನೀರು ಸಾಮಾನಿನ ಮೇಲೆ ಎರಡು ಬೆರಳು ನಿಲ್ಲಬೇಕು. ಬಿಸಿನೀರು ಹಾಕಿದರೆ ಹೊರಪದರ ಬಿಗಿದುಕೊಂಡು ಒಳಗಿನ ಸಾರ ಇಳಿಯುವುದಿಲ್ಲ ಅನ್ನುತ್ತಾರೆ. ನೆನೆಸಿದ ನೀರಿನಲ್ಲೇ ಜೋರು ಉರಿಯಲ್ಲಿ ಕುದಿ ಬರಿಸಿ, ಆಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ 20ರಿಂದ 30 ನಿಮಿಷ.

ಎಲ್ಲವನ್ನೂ ಒಟ್ಟಿಗೇ ಸುರಿಯಬಾರದು. ಪರಿಮಳದವು ಕೊನೆಗೆ. ಶಾ ರೆನ್, ಹ್ವೊ ಶಿಯಾಂಗ್ ಇವನ್ನು ಇಳಿಸುವ ಐದು ನಿಮಿಷ ಮೊದಲು ಹಾಕಿ, ಶಾ ರೆನ್ ಅನ್ನು ಜಜ್ಜಿ. ಏಲಕ್ಕಿಯನ್ನು ಪಾಯಸಕ್ಕೆ ಯಾವಾಗ ಹಾಕುತ್ತೇವೋ ಅದೇ ನ್ಯಾಯ. ಶೀ ಒಡೆಯುವುದೇ ಆ ಪರಿಮಳ ಎಂಬುದು ಅವರ ನಂಬಿಕೆ. ಮನೆಯೆಲ್ಲ ಘಮ್ ಅಂದರೆ ಮದ್ದು ಗಾಳಿಗೆ ಹೋಯಿತು ಅಂತಲೇ ಅರ್ಥ. ತೀರಾ ಸಣ್ಣ ಬೀಜ ಮತ್ತು ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ಅಂಗಡಿಯವರು ಇಂಥವನ್ನು ಬೇರೆ ಸಣ್ಣ ಪೊಟ್ಟಣದಲ್ಲಿ ಕೊಡುತ್ತಾರೆ, ಅದನ್ನು ಗಮನಿಸಿ.

ಸೋಸಿದ ಮೇಲೆ ಚರಟ ಎಸೆಯಬೇಡಿ. ಅದಕ್ಕೇ ಸ್ವಲ್ಪ ಕಡಿಮೆ ನೀರು ಹಾಕಿ ಇನ್ನೊಂದು ಸಲ 15–20 ನಿಮಿಷ ಕುದಿಸಿ. ಎರಡು ಸಲದ್ದನ್ನೂ ಬೆರೆಸಿ ಎರಡು ಲೋಟ ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು. ಬೆರೆಸದಿದ್ದರೆ ಬೆಳಗಿನದು ಗಟ್ಟಿ, ಸಂಜೆಯದು ನೀರು ಆಗುತ್ತದೆ. ಸೀದು ಹೋದರೆ ನೀರು ಸೇರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಚೆಲ್ಲಿ.

ಹೆಜ್ಜೆ 7: ಕುಡಿಯುವುದು ಮತ್ತು ನಿಲ್ಲಿಸುವುದು

ಬೆಚ್ಚಗೆ ಕುಡಿಯಿರಿ. ಹೊಟ್ಟೆ ಸೂಕ್ಷ್ಮ ಇದ್ದವರು ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಲಿ. ಕುಡಿಯುವ ದಿನಗಳಲ್ಲಿ ಸಿಹಿ, ಕರಿದದ್ದು, ಐಸ್ ನೀರು, ಬಿಯರ್, ರಾತ್ರಿ ಮೊಸರು ಬೇಡ. ಮಾವಿನಹಣ್ಣನ್ನೂ ಬಿಡಿಸುತ್ತಾರೆ, ಅದು ಶೀ ಜಾಸ್ತಿ ಮಾಡುತ್ತದಂತೆ. ಹಣ್ಣಿನ ಕಾಲದಲ್ಲಿ ನಾನು ಈ ಒಂದು ಮಾತು ಮಾತ್ರ ಪಾಲಿಸಲಿಲ್ಲ.

ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಪಟ್ಟಿ ತೋರಿಸಿ. ಮೇಲೆ ಹೇಳಿದ ಮಿಶ್ರಣಗಳಲ್ಲಿ ಮೊದಲ ಮೂರರಲ್ಲೂ ಜ್ಯೇಷ್ಠಮಧು ಇದೆ. ತುಂಬ ದಿನ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಇರುವವರು, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ನುಂಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಸಣ್ಣ ಮಕ್ಕಳು ಈ ದಾರಿಗೇ ಬರುವುದು ಬೇಡ.

ಹ್ವೊ ಶಿಯಾಂಗ್ ಝೆಂಗ್ ಚಿ ಸಣ್ಣ ಶೀಸೆಯಲ್ಲೂ ಸಿಗುತ್ತದೆ. ಹೆಸರಿನ ಕೊನೆಗೆ ‘ಶ್ವೇ’ ಅಂತ ಇದ್ದರೆ ಅದರಲ್ಲಿ 40 ಶೇಕಡಕ್ಕೂ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಕುಡಿದು ಗಾಡಿ ಓಡಿಸಿದರೆ ಪೊಲೀಸರ ಮೆಷಿನ್ ಕೂಗುತ್ತದೆ. ಅದು ಸಣ್ಣ ವಿಷಯ. ಭೇದಿಗೆ ನಾವು ಊರಿಂದ ಒಯ್ಯುವ ಮೆಟ್ರೊನಿಡಜೋಲ್ ಮಾತ್ರೆಯ ಜೊತೆ ಇದು ಸೇರಬಾರದು. ಕೆಲವು ಸೆಫಲೋಸ್ಪೊರಿನ್ ಆಂಟಿಬಯೊಟಿಕ್ ಜೊತೆಗೂ ಸೇರಬಾರದು. ನಾನು ಬೆಳಿಗ್ಗೆ ಮಾತ್ರೆ ನುಂಗಿ, ಸಂಜೆ ಗೆಳೆಯ ಕೊಟ್ಟ ಶೀಸೆ ಕುಡಿದೆ. ಹತ್ತು ನಿಮಿಷಕ್ಕೆ ಮುಖ ಕೆಂಡ, ಎದೆ ಡಬಡಬ. ರಾತ್ರಿಯೆಲ್ಲ ಕೂತೇ ಕಳೆದೆ. ಆಲ್ಕೋಹಾಲ್ ಇಲ್ಲದ್ದು ಬೇಕಾದರೆ ‘ಕೌ ಫೂ ಯೆ’ ಎಂದು ಬರೆದದ್ದನ್ನು ಕೇಳಿ, ಆದರೂ ಡಬ್ಬಿಯ ಮೇಲಿನ ಪಟ್ಟಿ ಓದಿ.

ಎಷ್ಟು ದಿನ? ಒಣಗಿಸುವ ಮದ್ದುಗಳನ್ನು ಸಾಮಾನ್ಯವಾಗಿ ಮೂರರಿಂದ ಏಳು ಪೊಟ್ಟಣ ಕೊಟ್ಟು ಮತ್ತೆ ನಾಲಿಗೆ ನೋಡುತ್ತಾರೆ. ಪದರ ತೆಳುವಾದರೆ ನಿಲ್ಲಿಸುತ್ತಾರೆ. ಮುಂದುವರಿಸಿದರೆ ತೇವದ ಜೊತೆ ಮೈಗೆ ಬೇಕಾದ ನೀರೂ ಹೋಗುತ್ತದೆ, ಬಾಯಿ ಒಣಗುತ್ತದೆ, ಮಲಬದ್ಧತೆ ಶುರುವಾಗುತ್ತದೆ. ನಡುವೆ ಮೈಮೇಲೆ ದದ್ದು ಎದ್ದರೆ, ಮೂತ್ರ ಕಪ್ಪಗಾದರೆ, ಕಣ್ಣು ಹಳದಿಯಾದರೆ ಆ ಕ್ಷಣವೇ ಬಿಟ್ಟು ಆಸ್ಪತ್ರೆಗೆ ಹೋಗಿ, ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಏಳನೆಯ ದಿನ ನಾನು ನಾಲಿಗೆ ಹೆರೆಯದೆ ಹೋದೆ. ವೈದ್ಯರು ನನ್ನ ಫೋನಿನ ಹಳೆಯ ಫೋಟೊವನ್ನೂ ನೋಡಿ, ‘ಪದರ ಹೋಗಿದೆ, ಹಲ್ಲಿನ ಗುರುತು ಉಳಿದಿದೆ’ ಎಂದರು. ಓಡಿಸುವ ಕೆಲಸ ಮುಗಿಯಿತು, ಇನ್ನು ಪೀಗೆ ಬಲ ಕೊಡಬೇಕು ಎಂದು ಹಳೆಯ ಚೀಟಿ ಹೊಡೆದು ಹಾಕಿ ಶೆನ್ ಲಿಂಗ್ ಬಾಯ್ ಝೂ ಬರೆದರು. ಮನೆಗೆ ಬಂದು ಪೇಪರ್ ಹಾಸಿ ಬಿಚ್ಚಿದೆ. ಈ ಸಲ ಅಡಿಕೆ ಸಿಪ್ಪೆ ಇರಲಿಲ್ಲ. ನಡುವೆ ಬೆಳ್ಳಗೆ ಒಂದು ಹಿಡಿ ಕಾಳು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: ‘ಇದು ಅವರೆಕಾಳು. ಇದಕ್ಕೂ ದುಡ್ಡು ಕೊಟ್ಯನಾ?’